ದೂರ ಸಾಗರಕ್ಕೆ ಹೊರಟಿದ್ದೀರಾ?

ಪ್ರಶ್ನೆ: ನಮ್ಮದು 34 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ. ಕಟ್ಟಿ ಇಪ್ಪತ್ತು ವರ್ಷ ದಾಟಿದೆ. ಇಲ್ಲಿಯವರೆಗೆ ದಡ ಕಾಣುವಷ್ಟು ದೂರದಲ್ಲೇ ಓಡಿಸಿದ್ದೇವೆ. ಮುಂದಿನ ವರ್ಷ ನಾನು, ನನ್ನ ಹೆಂಡತಿ ಇಬ್ಬರೇ ಸಾಗರ ದಾಟಬೇಕು ಅಂತಿದ್ದೇವೆ. ರೇಡಾರ್, ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ, ದೋಣಿ ಮುಳುಗಿದರೆ ಹತ್ತುವ ಲೈಫ್‌ರಾಫ್ಟ್ ಮೂರನ್ನೂ ಕೊಳ್ಳುವಷ್ಟು ಹಣವಿಲ್ಲ. ಮೊದಲು ಯಾವುದು ತರಲಿ?

ಉತ್ತರ: ಲೈಫ್‌ರಾಫ್ಟ್ ಬೇಕೇ ಬೇಕು. ಆದರೆ ಅದಕ್ಕೂ ಮೊದಲು ದೋಣಿಯೊಳಗೆ ನೀರು ಬರಬಾರದು, ಹಾಯಿಕಂಬ ಬೀಳಬಾರದು, ಚುಕ್ಕಾಣಿ ಕೈಕೊಡಬಾರದು. ನಿಮ್ಮ ಪತ್ರದಲ್ಲಿ ಈ ಮೂರರ ಸುದ್ದಿಯೇ ಇಲ್ಲ. ನನಗೆ ಚಿಂತೆಯಾಗಿದ್ದು ಅದಕ್ಕೇ.

ನಾನು ದೋಣಿ ರಿಪೇರಿಯವನು. ಯಾರಾದರೂ ದೋಣಿ ತೋರಿಸಿದರೆ ಮೊದಲು ನೆಲದ ಹಲಗೆ ಎತ್ತಿ ನೋಡುತ್ತೇನೆ. ನೀವೂ ಹಾಗೇ ಮಾಡಿ. ಎಂಜಿನ್, ಟಾಯ್ಲೆಟ್, ಸಿಂಕ್ ಅಂತ ನೀರಿನ ಮಟ್ಟದ ಕೆಳಗೆ ಎಷ್ಟು ತೂತುಗಳಿವೆ ನೋಡಿ. ಒಂದೊಂದಕ್ಕೂ ಒಂದು ವಾಲ್ವ್ ಇರುತ್ತದೆ. ಎಲ್ಲವನ್ನೂ ಕೈಯಲ್ಲಿ ತಿರುಗಿಸಿ. ತಿರುಗದ ವಾಲ್ವ್ ಇದ್ದೂ ಇಲ್ಲದ ಹಾಗೆ. ಹಿತ್ತಾಳೆಯದ್ದಾದರೆ ಚಾಕುವಿನಿಂದ ಕೆರೆಯಿರಿ. ಉಪ್ಪುನೀರಿನಲ್ಲಿ ಹಿತ್ತಾಳೆಯ ಸತು ಕರಗುತ್ತದೆ, ನಸುಗೆಂಪು ಬಣ್ಣದ ಪೊಳ್ಳು ತಾಮ್ರ ಉಳಿಯುತ್ತದೆ. ನೋಡಲು ಗಟ್ಟಿ, ಕಾಲು ತಗುಲಿದರೆ ಮುರಿಯುತ್ತದೆ. ಅಂಥದ್ದನ್ನು ತೆಗೆದು ಕಂಚಿನದ್ದು ಹಾಕಿಸಿ. ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ 40 ಮಿಲಿಮೀಟರ್‌ನ ಒಂದು ತೂತು ತೆರೆದುಕೊಂಡರೆ ನಿಮಿಷಕ್ಕೆ ನೂರು ಲೀಟರ್‌ಗಿಂತ ಜಾಸ್ತಿ ನೀರು ನುಗ್ಗುತ್ತದೆ. ಪ್ರತಿ ವಾಲ್ವಿನ ಪಕ್ಕದಲ್ಲೂ ಅದರ ಅಳತೆಯ ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿಡಿ. ಕತ್ತಲಲ್ಲಿ ಹುಡುಕುವ ಹಾಗಾಗಬಾರದು.

ಇನ್ನು ಕಂಬವನ್ನು ಹಿಡಿದಿರುವ ಸ್ಟೀಲ್ ತಂತಿಗಳು. ಫಳಫಳ ಹೊಳೆಯುತ್ತಿವೆ ಅಂತ ನಂಬಬೇಡಿ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರುವುದು ಗಾಳಿಯ ಆಮ್ಲಜನಕದಿಂದ ಅದರ ಮೈಮೇಲೆ ಕೂರುವ ತೆಳು ಪದರದಿಂದ. ತಂತಿಯ ಕೆಳತುದಿಯನ್ನು ಅಮುಕಿ ಕೂರಿಸಿರುವ ಕೊಳವೆಯೊಳಗೆ ಉಪ್ಪುನೀರು ನಿಂತರೆ ಆಮ್ಲಜನಕ ಸಿಗುವುದಿಲ್ಲ. ಅಲ್ಲಿಂದಲೇ ಕೊರೆತ ಶುರು. ಭೂತಗನ್ನಡಿ ಹಿಡಿದು ಕೂದಲೆಳೆಯಂಥ ಬಿರುಕು ಹುಡುಕಿ. ಸುಮಾರು ಹತ್ತು ವರ್ಷಕ್ಕೊಮ್ಮೆ ತಂತಿ ಬದಲಿಸುವುದು ರೂಢಿ. ನಿಮ್ಮವು ದೋಣಿ ಕಟ್ಟಿದಾಗಿನವೇ ಆಗಿದ್ದರೆ ನೋಡುವುದೇ ಬೇಡ, ಬದಲಿಸಿ. ತಂತಿ ಕಟ್ಟಿದ ಲೋಹದ ಪಟ್ಟಿ ಡೆಕ್ಕನ್ನು ಹಾದು ಒಳಗೆ ಹೋಗುತ್ತದಲ್ಲ, ಅದನ್ನೂ ಒಂದಾದರೂ ಬಿಚ್ಚಿ ನೋಡಿ. ಅದು ಕೊರೆದಿದ್ದರೆ ಉಳಿದವನ್ನೂ ಬಿಚ್ಚಲೇಬೇಕು.

ಚುಕ್ಕಾಣಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಸಡಿಲವಿದ್ದರೆ ಬೇರಿಂಗ್ ಬದಲಿಸಿ. ವ್ಹೀಲ್ ಇದ್ದರೆ ಅದು ಕೆಟ್ಟಾಗ ಬಳಸುವ ತುರ್ತು ಹಿಡಿಕೆಯಿಂದ ಒಂದು ಗಂಟೆ ದೋಣಿ ನಡೆಸಿ ನೋಡಿ.

ಇಬ್ಬರೇ ಅಂದಿರಲ್ಲ, ಹಾಗಾದರೆ ರೇಡಾರ್‌ಗಿಂತ ಮೊದಲು ಗಾಳಿಯ ಬಲದಿಂದಲೇ ದಿಕ್ಕು ಹಿಡಿಯುವ ವಿಂಡ್‌ವೇನ್ ಹಾಕಿಸಿ. ಅದಕ್ಕೆ ಕರೆಂಟ್ ಬೇಡ. ಹಗಲೂ ರಾತ್ರಿ ಸರದಿಯಲ್ಲಿ ಚುಕ್ಕಾಣಿ ಹಿಡಿದರೆ ನಾಲ್ಕನೇ ದಿನಕ್ಕೆ ನೀವು, ನಿಮ್ಮ ಮನೆಯವರು ಇಬ್ಬರೂ ಸೋತುಹೋಗುತ್ತೀರಿ. ಸೋತ ತಲೆಗೆ ಹಾಯಿ ಕಿರಿದು ಮಾಡಬೇಕು ಅನ್ನುವುದೂ ಹೊಳೆಯುವುದಿಲ್ಲ.

ನೀರಿನ ಯಂತ್ರ ಆಮೇಲೆ ತನ್ನಿ. ತಂದರೂ ಅದನ್ನೇ ನೆಚ್ಚಬೇಡಿ. 1968ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಸುಹೈಲಿ ದೋಣಿಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಲು ಹೊರಟಾಗ ದಾರಿಯಲ್ಲೇ ಟ್ಯಾಂಕಿನ ನೀರು ಕೆಟ್ಟಿತು. ಮಳೆನೀರು ಹಿಡಿದುಕೊಂಡು ಮುಂದೆ ಹೋದರು. ನೀವು ಕನಿಷ್ಠ ಎರಡು ಟ್ಯಾಂಕುಗಳಲ್ಲಿ ನೀರು ತುಂಬಿ, ಜೊತೆಗೆ ಬೇರೆ ಕ್ಯಾನುಗಳಲ್ಲೂ ಇಡಿ.

ಲೈಫ್‌ರಾಫ್ಟ್ ಬಗ್ಗೆ ಒಂದು ಮಾತು. 1979ರಲ್ಲಿ ಇಂಗ್ಲೆಂಡಿನಿಂದ ಹೊರಟ ಫಾಸ್ಟ್‌ನೆಟ್ ಹಾಯಿದೋಣಿ ರೇಸಿನ ಬಿರುಗಾಳಿಯಲ್ಲಿ 15 ನಾವಿಕರು ಸತ್ತರು. ಜನ ಬಿಟ್ಟು ಹೋದ ದೋಣಿಗಳು 24, ಮುಳುಗಿದ್ದು ಐದೇ. ರಾಫ್ಟ್ ಹತ್ತಿದವರಲ್ಲೂ ಕೆಲವರು ಉಳಿಯಲಿಲ್ಲ. ತೇಲುತ್ತಿರುವ ದೋಣಿಯನ್ನು ದಯವಿಟ್ಟು ಬಿಡಬೇಡಿ. ರಾಫ್ಟ್ ಜೊತೆಗೆ ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ 406 ಮೆಗಾಹರ್ಟ್ಸ್‌ನ ಇಪರ್ಬ್ ಇರಲಿ, ಅದನ್ನು ನಿಮ್ಮ ಹೆಸರಿಗೆ ನೋಂದಾಯಿಸಿ.

ಇಷ್ಟೂ ಆದಮೇಲೆ ಗಾಳಿಗೆ ಎದುರಾಗಿ ಮೂರು ರಾತ್ರಿ ಹೋಗಿ ಬನ್ನಿ. ಎಲ್ಲಿ ಸೋರುತ್ತದೆ, ಯಾವ ಹಗ್ಗ ಎಲ್ಲಿ ಉಜ್ಜುತ್ತದೆ ಎಲ್ಲ ಗೊತ್ತಾಗುತ್ತದೆ. ಬಂದಮೇಲೆ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಲಂಗರು ಹಾಕುವಾಗ ಎಷ್ಟು ಸರಪಳಿ ಬಿಡಬೇಕು?

ಉತ್ತರ: ಸಾಧಾರಣ ಗಾಳಿಯಲ್ಲಿ ಆಳದ ಐದು ಪಟ್ಟು, ಗಾಳಿ ಜೋರಾದರೆ ಏಳು ಪಟ್ಟು. ಆಳಕ್ಕೆ ದೋಣಿಯ ಮುಂತುದಿಯ ಎತ್ತರವನ್ನೂ ಏರಲಿರುವ ಉಬ್ಬರವನ್ನೂ ಸೇರಿಸಬೇಕು. ಆರು ಮೀಟರ್ ನೀರು, ಎರಡು ಮೀಟರ್ ಉಬ್ಬರ, ಒಂದೂವರೆ ಮೀಟರ್ ಎತ್ತರವಿದ್ದರೆ ಸುಮಾರು 48 ಮೀಟರ್. ಸರಪಳಿಯ ಒಳತುದಿಯನ್ನು ಡೆಕ್ಕಿನ ಮೇಲೆ ಬರುವಷ್ಟು ಉದ್ದದ ಹಗ್ಗದಿಂದ ದೋಣಿಗೆ ಕಟ್ಟಿ. ಲಂಗರು ಬಿಟ್ಟು ಓಡಬೇಕಾಗಿ ಬಂದರೆ ಚಾಕುವಿನಿಂದ ಕತ್ತರಿಸಬಹುದು.