ಹಾಸಿಗೆ ಹಿಡಿದವರಿಗೆ ಮನೆಬಾಗಿಲಲ್ಲೇ ಆರೈಕೆ

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆ. ಪಾರ್ಶ್ವವಾಯು ಬಡಿದು ಅಮ್ಮ ಹಾಸಿಗೆ ಹಿಡಿದಿದ್ದಾರೆ, ಮೂತ್ರಕ್ಕೆ ಟ್ಯೂಬ್ ಹಾಕಿದ್ದಾರೆ. ಅದನ್ನು ಬದಲಿಸಲು ಪ್ರತಿಸಲ ಮಂಗಳೂರಿಗೆ ಹೋಗಲೇಬೇಕೆ?

ಉತ್ತರ: ಬೇಕಿಲ್ಲ. ಕೇರಳ ಸರಕಾರ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ, ಅಂದರೆ ದೀರ್ಘ ಕಾಯಿಲೆಯವರ ನೋವು, ಕಷ್ಟ ತಗ್ಗಿಸುವ ಆರೈಕೆಗೆ, ನೀತಿ ರೂಪಿಸಿದೆ. ಇಂಥವರ ಮನೆಗೆ ನರ್ಸ್ ಬರುವ ವ್ಯವಸ್ಥೆ ಪಂಚಾಯತ್ ಮೂಲಕ ಸರಕಾರಿ ಆರೋಗ್ಯ ಕೇಂದ್ರದಲ್ಲಿದೆ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಹೇಳಿ, ಡಿಸ್ಚಾರ್ಜ್ ಚೀಟಿಯ ಪ್ರತಿಯೊಂದಿಗೆ ಹೆಸರು ನೋಂದಾಯಿಸಿ. ಟ್ಯೂಬ್ ಹಾಕಿದ ದಿನಾಂಕ ಚೀಟಿಯಲ್ಲಿರಲಿ. ಯಾವಾಗ ಬದಲಿಸಬೇಕೆಂದು ನರ್ಸ್ ನಿರ್ಧರಿಸುವುದು ಅದನ್ನೂ ಟ್ಯೂಬಿನ ಬಗೆಯನ್ನೂ ನೋಡಿ. ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಡಿ ಎನ್ನಲು ಸಂಕೋಚ ಬೇಡ. ಅರ್ಥವಾಗದ ಚೀಟಿಯಿಂದ ಮದ್ದು ತಪ್ಪುವುದೇ ಹೆಚ್ಚು.

ಎಡವಟ್ಟಾಗುವುದು ಹೆಚ್ಚಾಗಿ ಟ್ಯೂಬಿನ ತುದಿಯಲ್ಲಿ ಮೂತ್ರ ತುಂಬುವ ಚೀಲದಲ್ಲಿ. ಅದು ಯಾವಾಗಲೂ ಸೊಂಟಕ್ಕಿಂತ ಕೆಳಗೆ ತೂಗಿರಲಿ, ನೆಲಕ್ಕೆ ತಾಗದಿರಲಿ. ಮಗ್ಗುಲು ತಿರುಗಿಸುವಾಗ ಚೀಲವನ್ನು ಹಾಸಿಗೆಯ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ, ಮುಂಚೆ ಮತ್ತು ಆಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಮೂತ್ರ ಬರುವುದು ನಿಂತರೆ ಮೊದಲು ಟ್ಯೂಬ್ ಮಡಚಿದೆಯೇ, ತೊಡೆಯಡಿ ಸಿಕ್ಕಿದೆಯೇ ನೋಡಿ. ಸರಿಪಡಿಸಿದ ಮೇಲೂ ಬಾರದಿದ್ದರೆ, ಹೊಟ್ಟೆಯ ಕೆಳಭಾಗ ಉಬ್ಬಿದರೆ, ಜ್ವರ, ನಡುಕ ಬಂದರೆ ನರ್ಸಿನ ಮುಂದಿನ ಭೇಟಿಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಆಂಬ್ಯುಲೆನ್ಸಿಗೆ 108. ಟ್ಯೂಬನ್ನು ನೀವೇ ಎಳೆಯಲು ಹೋಗಬೇಡಿ, ಒಳಗಿನ ನೀರು ತುಂಬಿದ ಬಲೂನು ಮೂತ್ರನಾಳವನ್ನು ಹರಿದುಬಿಡುತ್ತದೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಬುಡದಲ್ಲಿ, ಹಿಮ್ಮಡಿಯಲ್ಲಿ ಒತ್ತಿದರೂ ಮಾಸದ ಕೆಂಪು ಕಂಡರೆ ಅಲ್ಲಿ ತಿಕ್ಕಬೇಡಿ, ಆ ಜಾಗಕ್ಕೆ ಭಾರ ಬೀಳದಂತೆ ಮಲಗಿಸಿ ನರ್ಸಿಗೆ ತಿಳಿಸಿ.