ಕಂಪನಿಯ ನಿರ್ದೇಶಕ ಮಂಡಳಿ ಇನ್ನೂ ಚೆನ್ನಾಗಿ ಕೆಲಸ ಮಾಡಬೇಕಾದರೆ ಏನು ಮಾಡಬೇಕು?

ಮೊದಲು ಸಭೆಯ ಹೊತ್ತು ಎಲ್ಲಿ ಹೋಗುತ್ತಿದೆ ಅಂತ ನೋಡಿ. ಮೂರು ಗಂಟೆಯಲ್ಲಿ ಎರಡೂವರೆ ಗಂಟೆ ಸುಮ್ನೆ ಸ್ಲೈಡ್ ನೋಡುತ್ತಾ ಕೂತರೆ ಪ್ರಶ್ನೆ ಕೇಳುವುದು ಯಾವಾಗ? ಕಾಗದಪತ್ರ ವಾರ ಮೊದಲೇ ಕೈಸೇರಬೇಕು, ಎಲ್ಲರೂ ಓದಿಕೊಂಡು ಬರಬೇಕು. ಕೊನೆಗೆ ಸಿಇಒ ಹೊರಗೆ ಹೋದ ಮೇಲೆ ಸ್ವತಂತ್ರ ನಿರ್ದೇಶಕರು (ಕಂಪನಿಯಲ್ಲಿ ಕೆಲಸವಾಗಲಿ, ಬೇರೆ ಹಿತಾಸಕ್ತಿಯಾಗಲಿ ಇಲ್ಲದ ಹೊರಗಿನ ಸದಸ್ಯರು) ಅರ್ಧ ಗಂಟೆ ತಮ್ಮತಮ್ಮಲ್ಲೇ ಮಾತಾಡಲಿ.

ಸ್ವತಂತ್ರ ನಿರ್ದೇಶಕರು ಜಾಸ್ತಿ ಇದ್ದರಷ್ಟೇ ಸಾಲದು. ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಮಂಡಳಿಯಲ್ಲೂ ಹೊರಗಿನವರೇ ಹೆಚ್ಚಿದ್ದರು. ಆದರೂ 1999ರಲ್ಲಿ ನೀತಿ ಸಂಹಿತೆ ಸಡಿಲಿಸಿ, ಕಂಪನಿಯ ಜೊತೆಗೇ ವ್ಯವಹಾರ ಮಾಡುವ ಸಂಸ್ಥೆಗಳನ್ನು ನಡೆಸಲು ಅದರ ಹಣಕಾಸು ಮುಖ್ಯಸ್ಥನಿಗೆ ಒಪ್ಪಿಗೆ ಕೊಟ್ಟರು. 2001ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅಂಥ ಪ್ರಸ್ತಾವ ಬಂದಾಗ "ಇದರಲ್ಲಿ ಲಾಭ ಯಾರಿಗೆ?" ಅಂತ ಒಬ್ಬರಾದರೂ ಪಟ್ಟು ಹಿಡಿದು ಕೇಳಬೇಕು, ಅಲ್ವಾ? ಕೇಳಿದ್ದು ಸಭೆಯ ನಡಾವಳಿಯಲ್ಲೂ ದಾಖಲಾಗಬೇಕು.