ಮೊದಲು ಹಿಚ್‌ಕಾಕ್ ಭಾಗ ನೋಡಿ
ಫ್ರೆಂಚ್-ಸ್ವಿಸ್ ನಿರ್ದೇಶಕ ಗೊದಾರ್ ಅವರು ಸಿನಿಮಾ ಇತಿಹಾಸದ ಬಗ್ಗೆ ಮಾಡಿದ ವಿಡಿಯೊ ಸರಣಿ 'ಇಸ್ತ್ವಾರ್ ದ್ಯು ಸಿನೆಮಾ' ಅರ್ಧಕ್ಕೇ ನಿಲ್ಲಿಸಿದೆ, ಮುಂದುವರಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. 1988ರಿಂದ 1998ರವರೆಗೆ ಬಂದ ಎಂಟು ಭಾಗ ಅದು, ಸಾಲಾಗಿ ನೋಡಲೇಬೇಕು ಅಂತೇನಿಲ್ಲ. ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಬಗ್ಗೆ ಇರುವ '4ಎ' ಅನ್ನುವ ಭಾಗ ಮೊದಲು ನೋಡಿ. ಹಿಚ್‌ಕಾಕ್ ಸಿನಿಮಾಗಳ ಕತೆ ಮರೆತುಹೋಗುತ್ತದೆ, ಆದರೆ ಒಂದು ಹಾಲಿನ ಲೋಟ, ಬೀಗದ ಕೈ ಗೊಂಚಲು ಮನಸ್ಸಲ್ಲಿ ಉಳಿಯುತ್ತದೆ. ಯಾಕೆ ಅನ್ನುವುದೇ ಅಲ್ಲಿನ ವಿಷಯ. ಆ ಲೋಟ 1941ರ 'ಸಸ್ಪಿಶನ್' ಸಿನಿಮಾದ್ದು. ಗಂಡ ಅದನ್ನು ಹಿಡಿದು ಕತ್ತಲಲ್ಲಿ ಮೆಟ್ಟಿಲು ಹತ್ತುತ್ತಾನೆ. ಹಾಲು ಹೊಳೆಯಲಿ ಅಂತ ಹಿಚ್‌ಕಾಕ್ ಲೋಟದೊಳಗೆ ಬಲ್ಬ್ ಇಡಿಸಿದ್ದರು! ನಮ್ಮ ಕಣ್ಣು ಅಲ್ಲಿಂದ ಕದಲುವುದೇ ಇಲ್ಲ, ಅಲ್ವಾ? ಗೊದಾರ್ ಸರಣಿಯಲ್ಲಿ ಬರುವ ತತ್ವದ ಮಾತು, ಪರದೆ ಮೇಲಿನ ಅಕ್ಷರ ಎಲ್ಲವನ್ನೂ ಒಂದೇ ಸಲ ಹಿಡಿಯಲು ಹೋಗಬೇಡಿ. ನಾನು ಎರಡನೇ ಸಲ ಸಬ್‌ಟೈಟಲ್ ಆಫ್ ಮಾಡಿ ಸುಮ್ನೆ ನೋಡಿದೆ. ಒಂದು ದೃಶ್ಯದ ಮೇಲೆ ಇನ್ನೊಂದು ಬಂದು ಕೂರುವುದು ಆಗಲೇ ಕಂಡಿದ್ದು.